ರುಮಾಲಿನಡಿಯ ಕೈ

ದನದ ಸಂತೆಗೆ ಎತ್ತು ಕೊಳ್ಳಲು ಹೋಗುವವರಿಗೆ ಮೊದಲು ಒಂದು ಬುದ್ಧಿಮಾತು ಹೇಳಿಬಿಡುತ್ತೇನೆ, ಆಮೇಲೆ ನನ್ನ ವಿಷಯ. ಎತ್ತಿನ ಹಲ್ಲು ನೋಡುವ ಮೊದಲು ಮಾಲೀಕನ ಕಾಲು ನೋಡಿ. ಮನೆಯಲ್ಲಿ ಅಡಚಣೆ ಇಟ್ಟುಕೊಂಡು ಬಂದವನು ನಿಂತಲ್ಲಿ ನಿಲ್ಲುವುದಿಲ್ಲ, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತಲೇ ಇರುತ್ತಾನೆ. ಅಂಥವನ ಪಕ್ಕದಲ್ಲಿ ಕುಳಿತು ಚಹಾ ಹೇಳಿ, ಮಳೆಯ ಮಾತು ತೆಗೆಯಿರಿ, ಅರ್ಧ ಗಂಟೆ ಎತ್ತಿನ ಸುದ್ದಿಯನ್ನೇ ಎತ್ತಬೇಡಿ. ಬೆಲೆ ತಾನಾಗಿ ಇಳಿಯುತ್ತದೆ. ಇಂಥ ವಿದ್ಯೆಯಿಂದಲೇ ನಾನು ಬಸವಕಲ್ಯಾಣದಲ್ಲಿ ಮನೆ ಕಟ್ಟಿದೆ, ಮಕ್ಕಳನ್ನು ಓದಿಸಿದೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಇದನ್ನೆಲ್ಲ ಸಂತೆಯೇ ಕಲಿಸಿತು. ಆದರೆ ಈ ಎಲ್ಲ ವಿದ್ಯೆಯೂ ಒಂದು ದಿನ ಕೈಕೊಟ್ಟಿತು. ಜೀವನದಲ್ಲಿ ನಾನು ಅಷ್ಟು ಹೆದರಿದ್ದೂ ಅಷ್ಟು ಖುಷಿಪಟ್ಟದ್ದೂ ಅದೇ ದಿನ.

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬರುವ ದಾರಿಯಲ್ಲಿ, ಹೆದ್ದಾರಿಯಿಂದ ತುಸು ಒಳಗೆ ಆಗ ವಾರಕ್ಕೊಮ್ಮೆ ದನದ ಸಂತೆ ಕೂಡುತ್ತಿತ್ತು. ಅಲ್ಲಿ ದೊಡ್ಡ ವ್ಯಾಪಾರವೆಲ್ಲ ರುಮಾಲಿನಡಿ ನಡೆಯುತ್ತಿತ್ತು. ಮಾರುವವನ ಕೈ, ಕೊಳ್ಳುವವನ ಕೈ, ಎರಡರ ಮೇಲೆ ದಲಾಲನ ಹೆಗಲ ಮೇಲಿನ ರುಮಾಲು. ಹೊರಗೆ ಇಬ್ಬರೂ ಮಗಳ ಮದುವೆ, ತೊಗರಿಯ ಹುಳ ಎಂದು ಏನೇನೋ ಮಾತಾಡುತ್ತಿರುತ್ತಾರೆ, ಒಳಗೆ ಬೆರಳುಗಳು ಜಗಳವಾಡುತ್ತಿರುತ್ತವೆ. ಎತ್ತಿನ ವ್ಯಾಪಾರದಲ್ಲಿ ಒಂದು ಬೆರಳು ಹಿಡಿದರೆ ಒಂದು ಸಾವಿರ, ಇಡೀ ಹಸ್ತ ಹಿಡಿದು ಒತ್ತಿದರೆ ಐದು, ಎರಡು ಸಲ ಒತ್ತಿದರೆ ಹತ್ತು. ಬೆರಳಿನ ನಡುಗಂಟು ಮುಟ್ಟಿದರೆ ಅರ್ಧ. ಪಕ್ಕದಲ್ಲಿ ನಿಂತವನಿಗೆ ಬೆಲೆ ತಿಳಿಯುವುದಿಲ್ಲ. ಹಾಗಾಗಿ ಮುಂದೆ ಬರುವ ಗಿರಾಕಿ ಹಿಂದಿನವನಿಗಿಂತ ಹೆಚ್ಚು ಹಿಡಿದರೂ ಹಿಡಿದಾನು. ಮಾರುವವನ ಬಲವೆಲ್ಲ ಆ ಗುಟ್ಟಿನಲ್ಲಿತ್ತು.

ನಮ್ಮವರಿಗೆ ಆ ರುಮಾಲು ಇರಲಿಲ್ಲ.

ನಾನು ಹುಟ್ಟಿದ್ದು ಮುಡಬಿಯ ಕಡೆಯ ಒಂದು ಹಳ್ಳಿಯ ಕೇರಿಯಲ್ಲಿ. ನಮ್ಮ ಅಜ್ಜನ ಕಾಲಕ್ಕೆ ನಾವು ಯೇಸುವಿನವರಾದೆವು, ಎದುರು ಮನೆಯವರು ಮುಂದೆ ಬುದ್ಧನವರಾದರು. ಊರಿನವರ ಕಣ್ಣಿಗೆ ಇಬ್ಬರೂ ಕೇರಿಯವರೇ. ಕೇರಿಯವನು ಎತ್ತು ಹೊಡೆದುಕೊಂಡು ಸಂತೆಗೆ ಬಂದರೆ ಯಾವ ದಲಾಲನೂ ಅವನ ಕೈ ಹಿಡಿಯುತ್ತಿರಲಿಲ್ಲ. ನಾಲ್ಕು ಮಾರು ದೂರ ನಿಂತು ಬಾಯಿಂದ ಬೆಲೆ ಕೂಗುತ್ತಿದ್ದರು. ಅದಕ್ಕೆ ‘ಬಾಯಿ ಸೌದಾ’ ಎಂದೇ ಹೆಸರು. ಒಬ್ಬ ದಲಾಲ ‘ಎಂಟು’ ಎಂದು ಕೂಗಿದರೆ ಇಡೀ ಸಂತೆಗೆ ಕೇಳುತ್ತದೆ. ಆಮೇಲೆ ಒಬ್ಬನೂ ಒಂಬತ್ತು ಅನ್ನುವುದಿಲ್ಲ. ಅನ್ನಬಾರದೆಂದು ಅವರವರಲ್ಲೇ ಕಟ್ಟುಪಾಡು. ನಮ್ಮಪ್ಪ ಒಂದು ಹೋರಿಯನ್ನು ಹೀಗೆಯೇ ಮಾರಿ ಬಂದು, ಖಾಲಿ ಗೂಟದ ಪಕ್ಕದಲ್ಲಿ ಕುಳಿತುಬಿಟ್ಟಿದ್ದ. ಮುಟ್ಟಿಸಿಕೊಳ್ಳದವರು ಮನಸ್ಸನ್ನು ನೋಯಿಸುತ್ತಾರೆ ಎಂದು ದೊಡ್ಡವರು ಭಾಷಣ ಮಾಡುತ್ತಾರೆ. ನಿಜವೇ. ಆದರೆ ವ್ಯಾಪಾರದವನಾಗಿ ನಾನೊಂದು ಸೇರಿಸುತ್ತೇನೆ: ಅವರು ಜೇಬನ್ನೂ ಕತ್ತರಿಸುತ್ತಾರೆ.

ನಾನು ಮೊದಲು ಕುರಿ-ಮೇಕೆ ವ್ಯಾಪಾರ ಮಾಡುತ್ತಿದ್ದೆ. ಅದಕ್ಕೆ ರುಮಾಲು ಬೇಕಿಲ್ಲ. ಹುಮನಾಬಾದಿನ ಒಬ್ಬ ಮುಸಲ್ಮಾನ ಹಿರಿಯರು ಸಂತೆಯ ಹಳೆಯ ದಲಾಲರು. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು. ಒಂದು ದಿನ ನಾನು ಒಂದು ಹೋತವನ್ನು ಎರಡು ಸಲ ಮಾರಿ ಎರಡು ಸಲ ಲಾಭ ಮಾಡಿದ್ದನ್ನು ಅವರು ಕುಳಿತಲ್ಲೇ ನೋಡಿದರು. ಕರೆದರು. “ಏ ಬಾರೋ ಭತೀಜಾ, ನಿನ್ನ ತಲಿ ಮ್ಯಾಕಿಗಿ ಜಾಸ್ತಿ ಆಯ್ತು, ಎತ್ತಿನ ಕಡಿ ಬಾ” ಎಂದು ನನ್ನ ಕೈ ಹಿಡಿದು ರುಮಾಲು ಹೊದಿಸಿದರು. ಜಾತಿ ಕೇಳಲಿಲ್ಲ. ಬೆರಳಿನ ಭಾಷೆಯನ್ನು ನಾನು ಎರಡು ಸಂತೆಯಲ್ಲಿ ಕಲಿತೆ. ಚಾಚಾ ನನ್ನನ್ನು ಭತೀಜಾ ಎಂದು ಕರೆದದ್ದೇ ತಡ, ಸಂತೆಗೆ ಸಂತೆಯೇ ನಾನು ಅವರ ಅಣ್ಣನ ಮಗ ಎಂದು ನಂಬಿತು. ನಾನೂ ಬಿಳಿ ಟೋಪಿ ಹಾಕಲಿಲ್ಲ, ಆದರೆ ಅಲ್ಲ ಎಂದೂ ಹೇಳಲಿಲ್ಲ. ಒಂಬತ್ತು ವರ್ಷ ಹಾಗೆಯೇ ಸಾಗಿತು. ಭಾನುವಾರ ಬಸವಕಲ್ಯಾಣದ ತಗಡಿನ ಚಾವಣಿಯ ಪ್ರಾರ್ಥನಾ ಮಂದಿರದಲ್ಲಿ ಹಿಂದಿನ ಸಾಲು, ಸಂತೆಯ ದಿನ ಚಾಚಾನ ಭತೀಜಾ. ಇದರಲ್ಲಿ ತಪ್ಪೇನಿದೆ ಎಂದು ನನಗೆ ಅನ್ನಿಸುತ್ತಲೇ ಇರಲಿಲ್ಲ. ಸುಳ್ಳು ಹೇಳಿರಲಿಲ್ಲ ನೋಡಿ, ಸುಮ್ಮನಿದ್ದೆ ಅಷ್ಟೇ.

ನಮ್ಮ ಸಭೆಯಲ್ಲಿ ನಿವೃತ್ತ ಶಾಲಾ ಶಿಕ್ಷಕಿ ಒಬ್ಬರಿದ್ದರು. ಮಕ್ಕಳಿಗೆ ಭಾನುವಾರದ ಪಾಠ, ದೊಡ್ಡವರಿಗೆ ಬೈಗುಳ, ಎರಡೂ ಅವರ ಪಾಲಿನ ಕೆಲಸ. ಎಲ್ಲರಿಗೂ ಅವರು ಟೀಚರಮ್ಮ. ತೊಂಬತ್ತರ ದಶಕದ ಕೊನೆಯ ಒಂದು ಬೇಸಗೆಯಲ್ಲಿ ಅವರು ಕುಷ್ಠರೋಗಿಯನ್ನು ಯೇಸು ವಾಸಿಮಾಡಿದ್ದನ್ನು ಹೇಳುತ್ತಿದ್ದರು. ಅರ್ಧಕ್ಕೆ ನಿಲ್ಲಿಸಿ ನಮ್ಮತ್ತ ತಿರುಗಿದರು.

“ಬರೇ ಮಾತಿಲೆ ಆರಾಮ ಮಾಡೋ ಶಕ್ತಿ ಇತ್ತು ಅವನಿಗಿ. ಆದ್ರೂ ಕೈ ಚಾಚಿ ಮುಟ್ಟಿದ. ಯಾಕ? ಹೇಳ್ರಿ ನೋಡೋಣ.”

ನನಗೆ ಸುಮ್ಮನಿರುವ ಚಟವಿಲ್ಲ. “ರೋಗಿಗಿ ಭರೋಸಾ ಬರ್ಲಿ ಅಂತ್ರೀ” ಎಂದೆ.

“ಅವನಿಗಿ ಭರೋಸಾ ಮದಲೇ ಇತ್ತೋ ಜಾಣಾ, ಇಲ್ಲಂದ್ರ ಯಾಕ ಬರ್ತಿದ್ದ? ಮುಟ್ಟಿದ್ದು ಸುತ್ತ ನಿಂತು ನೋಡೋರ ಸಲುವಾಗಿ.”

ಉತ್ತರ ತಪ್ಪಾಯಿತಲ್ಲ ಎಂದು ನನಗೆ ಕಸಿವಿಸಿಯಾಯಿತು, ಅಷ್ಟೇ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಟೀಚರಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದರು. ಪಕ್ಕದಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು. ನೋಡಿದ ಕೂಡಲೇ ಗುರುತು ಹತ್ತಿತು. ನಮ್ಮ ಕೇರಿಯವಳೇ, ನಮ್ಮ ಓಣಿಯ ಅಕ್ಕ. ಕೊಡಂಬಲಕ್ಕೆ ಕೊಟ್ಟಿದ್ದರು. ಗಂಡ ತೀರಿ ಹೋಗಿ ಬಹಳ ವರ್ಷವಾಗಿತ್ತು.

ಅಕ್ಕನ ವಿಷಯ ಇಷ್ಟು. ಅವಳು ಕೂಲಿಗೆ ಹೋಗುತ್ತಿದ್ದ ಮನೆಯಲ್ಲಿ ಒಂದೇ ತಿಂಗಳಲ್ಲಿ ಎರಡು ದೇವಣಿ ತಳಿಯ ಕರು ಹುಟ್ಟಿ, ಎರಡೂ ಬದುಕುವುದಿಲ್ಲ ಎಂದು ಮಾಲೀಕ ಕೈಬಿಟ್ಟಿದ್ದ. ಅಕ್ಕ ಕೂಲಿಯ ಬದಲು ಆ ಕರುಗಳನ್ನು ಕೇಳಿ ತಂದು, ಗಂಜಿ ಕುಡಿಸಿ, ಒಳಗೇ ಮಲಗಿಸಿಕೊಂಡು ಉಳಿಸಿದಳು. ಈಗ ಅವು ನಾಲ್ಕು ಹಲ್ಲಿನ, ಸುಮಾರು ಮೂರು ವರ್ಷದ ಹೋರಿಗಳು. ಬಿಳಿ ಮೈ, ಕರಿ ಮುಖ, ಕರಿ ಕಿವಿ. ಕೊಡಂಬಲದಲ್ಲಿ ಕೇರಿಗೆ ಹತ್ತಿದ ಹಾಗೆಯೇ ಒಂದು ಎಕರೆ ಹೊಲ ಮಾರಾಟಕ್ಕೆ ಬಂದಿತ್ತು. ಮಾರುವವನು ಹೈದರಾಬಾದಿಗೆ ಹೋಗಿ ನೆಲೆಸುವವನಿದ್ದ. ಬರುವ ಶುಕ್ರವಾರದವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ. ಆ ಕೇರಿಯಲ್ಲಿ ಅಲ್ಲಿಯವರೆಗೆ ಯಾರ ಹೆಸರಿಗೂ ಗೇಣು ಹೊಲ ಇರಲಿಲ್ಲ. ಜೋಡಿಗೆ ಹದಿನೈದು ಸಾವಿರ ಬಂದರೆ ಹೊಲ ಅಕ್ಕನದು. ಬಾಯಿ ಸೌದಾದಲ್ಲಿ ಹನ್ನೊಂದರ ಮೇಲೆ ಏಳುವುದಿಲ್ಲ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು.

“ಅಕ್ಕಾ, ಎತ್ತು ಮಾರಿ ಹೊಲ ತಗೊಂಡ್ರ ಉಳೋದು ಹ್ಯಾಂಗ?” ಎಂದೆ. ಲೆಕ್ಕದ ಪ್ರಶ್ನೆ ಕೇಳದೆ ನನ್ನಿಂದಾಗದು.

“ಎತ್ತು ನಾ ಮತ್ತ ಸಾಕ್ತೀನೋ ತಮ್ಮಾ. ಹೊಲಕ್ಕ ಗಂಜಿ ಕುಡ್ಸಿ ಸಾಕಾಕ ಬರ್ತದೇನು?”

ನನ್ನ ತಲೆ ಆಗಲೇ ಓಡಲು ಶುರುವಾಗಿತ್ತು. ಉಪಾಯ ಹೇಳಿದೆ. ಹೋರಿಗಳು ನನ್ನವೇ ಎಂದು ಹೇಳುತ್ತೇನೆ. ನಾನೇ ಹಗ್ಗ ಹಿಡಿದು ನಿಲ್ಲುತ್ತೇನೆ. ಅಕ್ಕ ದೂರದ ಬೇವಿನ ಮರದ ಕೆಳಗೆ ಟೀಚರಮ್ಮನ ಜೊತೆ ಬಾಯಿಗೆ ಸೆರಗು ಹಿಡಿದು ಕೂಡಲಿ, ಯಾರ ಪರಿಚಯ ಯಾರಿಗೂ ಇಲ್ಲ. ರುಮಾಲಿನಡಿ ಹದಿನೈದು ತೆಗೆದು ಅಕ್ಕನ ಕೈಗೆ ಇಡುತ್ತೇನೆ. ದಲಾಲಿ ಬೇಡ. “ಕೆಲಸ ಆದ್ರ ಸಾಕಲ್ಲ?” ಎಂದೆ. ಇದಕ್ಕಿಂತ ದೊಡ್ಡ ದಯೆ ಏನಿದೆ ಎಂದು ನನಗೆ ನನ್ನ ಮೇಲೆಯೇ ಪ್ರೀತಿ ಉಕ್ಕಿತು. ಟೀಚರಮ್ಮ ನನ್ನ ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು. ಅಕ್ಕ “ಹೂಂನಪ್ಪ” ಎಂದಳು. ಅವಳಿಗೆ ಹೊಲ ಬೇಕಿತ್ತು.

ಸಂತೆಯ ದಿನ ಬಂತು. ಮಿರಗದ, ಅಂದರೆ ಮೃಗಶಿರಾ ಮಳೆಗೆ ಎರಡು ವಾರ ಉಳಿದಿತ್ತು, ಬಿತ್ತುವವರಿಗೆಲ್ಲ ಎತ್ತು ಬೇಕು. ಸಂತೆ ಎಂದರೆ ಸಂತೆ! ಧೂಳು, ಸೆಗಣಿ, ಮಿರ್ಚಿ ಭಜಿಯ ವಾಸನೆ, ಲಾತೂರಿನ ಟೆಂಪೊಗಳು, ಜಹೀರಾಬಾದಿನ ಲಾರಿಗಳು. ಅಕ್ಕ ಹಿಂದಿನ ದಿನವೇ ಹೊರಟು, ಹುಮನಾಬಾದಿನ ನೆಂಟರ ಅಂಗಳದಲ್ಲಿ ತಂಗಿ, ಬೆಳಿಗ್ಗೆ ಬೇಗ ಬಂದು ಹಗ್ಗವನ್ನು ನನ್ನ ಕೈಗೆ ಕೊಟ್ಟು ಮರದ ಕಡೆ ಹೋದಳು. ಹೋರಿಗಳನ್ನು ನೋಡಿ ನನಗೇ ಮೈ ಜುಮ್ಮೆಂದಿತು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದವು. ನಿಮಿಷದಲ್ಲಿ ಹತ್ತು ಮಂದಿ ಸುತ್ತುಗಟ್ಟಿದರು. ಸಂತೆಯ ದೊಡ್ಡ ದಲಾಲ ಬಂದ. ಮೀಸೆ, ಬೆಳ್ಳಿಯ ಕಡಗ, ಕೂಗಿದರೆ ಹೆದ್ದಾರಿಗೆ ಕೇಳುವ ಗಂಟಲು. ಅವನ ಹಿಂದೆ ಬೇಮಳಖೇಡದ ಒಬ್ಬ ಗೌಡರು, ಹಣೆ ತುಂಬ ವಿಭೂತಿ. ಅವರ ಕಣ್ಣು ಹೋರಿಗಳ ಮೇಲೆ ಬಿದ್ದದ್ದು ಮತ್ತೆ ಏಳಲಿಲ್ಲ. ನಾನು ಒಳಗೇ ಅಂದುಕೊಂಡೆ: ಹದಿನೈದಲ್ಲ, ಹದಿನಾರು!

“ಯಾರ್ವೋ ಭತೀಜಾ?” ಎಂದ ದೊಡ್ಡ ದಲಾಲ.

“ನಮ್ಮವೇ. ಮನ್ಯಾಗ ಸಾಕಿದ್ವು.”

“ಭಲೇ! ಒಂದ್ ಸುತ್ತ ನಡ್ಸಿ ತೋರ್ಸು.”

ಇಲ್ಲಿಯೇ ನಾನು ಬಿದ್ದೆ. ಇಷ್ಟು ವರ್ಷ ಎತ್ತಿನ ನಡುವೆ ಬದುಕಿದವನಿಗೆ ಹೊಳೆಯಬೇಕಿದ್ದ ಒಂದೇ ವಿಷಯ ಹೊಳೆದಿರಲಿಲ್ಲ. ಹಟ್ಟಿಯಲ್ಲಿ ಬೆಳೆದ ಎತ್ತು ಯಾರು ಹೊಡೆದರೂ ನಡೆಯುತ್ತದೆ. ಒಬ್ಬಳೇ ಹೆಂಗಸು ಗಂಜಿ ಕುಡಿಸಿ, ಪಕ್ಕದಲ್ಲೇ ಮಲಗಿಸಿಕೊಂಡು ಸಾಕಿದ್ದು ಬೇರೆಯವರ ಮಾತು ಕೇಳುವುದಿಲ್ಲ. ನಾನು ಹಗ್ಗ ಎಳೆದೆ. ಹೋರಿಗಳು ನಿಂತಲ್ಲೇ ನಿಂತವು. ಬೆನ್ನು ತಟ್ಟಿದೆ, ಬಾಲ ಮುರಿದೆ, ಬಾಯಿಂದ ಎಲ್ಲ ಬಗೆಯ ಸದ್ದು ಮಾಡಿದೆ. ಎರಡೂ ಒಟ್ಟಿಗೇ ಕತ್ತು ತಿರುಗಿಸಿ ಬೇವಿನ ಮರದ ಕಡೆ ನೋಡಿ ‘ಅಂಬಾ’ ಎಂದವು. ಜನ ಗೊಳ್ಳೆಂದು ನಕ್ಕರು.

“ಏ ಭತೀಜಾ, ನಿನ್ನ ಮಾಲಿಗಿ ನಿನ್ನ ಗುರ್ತೇ ಇಲ್ಲಲ್ಲೋ!”

“ನಿಕಾ ಆಗಿ ಒಂದೇ ದಿನ ಆದಂಗ ಅದ, ಇನ್ನಾ ಸಲಿಗಿ ಬಂದಿಲ್ಲ!”

ನಗುವ ತನಕ ಪರವಾಗಿರಲಿಲ್ಲ. ಆಮೇಲೆ ದೊಡ್ಡ ದಲಾಲನ ನಗು ನಿಂತಿತು. “ಖರೇ ಹೇಳು. ಎಲ್ಲಿಂದ ಹೊಡ್ಕೊಂಡು ಬಂದಿ? ಕಳವಿನ ಮಾಲೇನು?”

ಕಳವು ಎಂಬ ಮಾತು ಸಂತೆಯಲ್ಲಿ ಬಿದ್ದರೆ ಮುಗಿಯಿತು. ಜನ ಹತ್ತಿರ ಸರಿದರು. ಯಾರೋ ನನ್ನ ಅಂಗಿಯ ಕಾಲರಿಗೆ ಕೈ ಹಾಕಿದರು. ಆಗ ಮರದ ಕೆಳಗಿನಿಂದ ಅಕ್ಕ ಎದ್ದು ಬಂದಳು. ನಾನು ಕಣ್ಣಿನಲ್ಲೇ ಬೇಡ ಬೇಡ ಎನ್ನುತ್ತಿದ್ದೆ. ಅವಳು “ಬರ್ರೋ ನನ ರಾಜಾಗೋಳಾ” ಎಂದದ್ದಷ್ಟೇ, ಆ ಎರಡು ದೊಡ್ಡ ಹೋರಿಗಳು ಕರುಗಳ ಹಾಗೆ ಕುಣಿಯುತ್ತ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಅವಳ ಹಿಂದೆ ಹೋದವು. ಅವಳು ಒಂದು ಸುತ್ತು ಹಾಕಿದಳು. ಆಹಾ, ಅದೇನು ನಡಿಗೆ! ಕಾಲು ಎತ್ತಿ ಇಟ್ಟರೆ ತಾಳ ಹಾಕಿದ ಹಾಗೆ. ಗೌಡರು ಬಾಯಿ ತೆರೆದುಕೊಂಡೇ ನಿಂತಿದ್ದರು.

ಗುಂಪಿನಲ್ಲಿ ಯಾರೋ ಅಂದರು, “ಈಕಿ ಕೊಡಂಬಲದ ಕೇರಿಯಾಕಿ. ಹೋರಿ ಈಕಿವೇ, ನಾ ಬಲ್ಲೆ.”

ದೊಡ್ಡ ದಲಾಲ ಎರಡು ಹೆಜ್ಜೆ ಹಿಂದೆ ಸರಿದ. ಅವನು ಸಿಟ್ಟಿನಿಂದ ಸರಿಯಲಿಲ್ಲ, ರೂಢಿಯಿಂದ ಸರಿದ. ನನ್ನ ಮೈ ಉರಿಸಿದ್ದು ಅದೇ. “ಹಂಗಾದ್ರ ಬಾಯಿ ಸೌದಾ” ಎಂದು ರುಮಾಲನ್ನು ಮತ್ತೆ ಹೆಗಲಿಗೆ ಹಾಕಿ, ಸಂತೆಗೆಲ್ಲ ಕೇಳುವಂತೆ ಕೂಗಿದ: “ಕೊಡಂಬಲದ ಜೋಡಿ, ಹನ್ನೊಂದು!”

ಒಮ್ಮೆಲೇ ಎಲ್ಲ ತಣ್ಣಗಾಯಿತು. ಈಗಷ್ಟೇ ಹತ್ತು ಮಂದಿ ಮುಗಿಬಿದ್ದಿದ್ದವರು ಬೀಡಿ ಹುಡುಕತೊಡಗಿದರು. ಅಕ್ಕ ನನ್ನನ್ನು ನೋಡಲಿಲ್ಲ. ನೋಡಿದ್ದರೆ ನಾನು ಸಿಕ್ಕಿಬೀಳುತ್ತೇನೆ ಎಂದು ಅವಳಿಗೆ ಗೊತ್ತು. ಅಷ್ಟರಲ್ಲೂ ಅವಳು ನನ್ನನ್ನು ಕಾಯುತ್ತಿದ್ದಳು. “ಈತ ದಾರ್ಯಾಗ ಹಗ್ಗ ಹಿಡಿ ಅಂದ್ರ ಹಿಡದಾನ್ರಿ, ನಮ್ಮವೇ ಅಂದದ್ದು ಚೇಷ್ಟಿಗಿ, ನನಗ ಗುರ್ತಿಲ್ಲ” ಎಂದಳು ದಲಾಲನಿಗೆ. ನನ್ನ ಕಾಲರ್ ಬಿಟ್ಟರು. ನನಗೆ ದಾರಿ ಬಿಡಿಸಿಕೊಟ್ಟಿದ್ದಳು. ನಾನು ಸುಮ್ಮನೆ ಅತ್ತ ಹೊರಸಿನ ಮೇಲೆ ಕುಳಿತಿದ್ದ ಚಾಚಾನ ಕಡೆ ನಡೆದು ಹೋಗಬಹುದಿತ್ತು.

ಓದುವವರಿಗೆ ಇಲ್ಲಿ ದೊಡ್ಡ ಮನುಷ್ಯನಾಗಿ ಕಾಣಿಸಿಕೊಳ್ಳುವ ಆಸೆ ನನಗಿಲ್ಲ. ನನ್ನ ತಲೆಯಲ್ಲಿ ಮೊದಲು ಓಡಿದ್ದು ಒಂಬತ್ತು ವರ್ಷದ ವ್ಯಾಪಾರ, ಅರ್ಧ ಕಟ್ಟಿದ ಮನೆಯ ಗೋಡೆ. ಆಮೇಲೆ ಮರದ ಕೆಳಗೆ ಕೊಡೆ ಹಿಡಿದು ನಿಂತ ಟೀಚರಮ್ಮ ಕಣ್ಣಿಗೆ ಬಿದ್ದರು. ಸುತ್ತ ನಿಂತು ನೋಡುವವರ ಸಲುವಾಗಿ ಎಂದಿದ್ದರಲ್ಲ, ಆ ಮಾತು ಈಗ ತಟ್ಟಿತು. ನಾನು ಅಕ್ಕನಿಗೆ ಕೊಡಹೊರಟಿದ್ದ ಸಹಾಯವೂ ಬಾಯಿ ಸೌದಾವೇ, ನಾಲ್ಕು ಮಾರು ದೂರದಿಂದ ಎಸೆದದ್ದು.

“ಸುಳ್ಳು” ಎಂದೆ. ಅಕ್ಕನ ಪಕ್ಕಕ್ಕೆ ಹೋಗಿ ನಿಂತು ಮತ್ತೆ ಹೇಳಿದೆ. “ಈಕಿ ‘ಗುರ್ತಿಲ್ಲ’ ಅಂದದ್ದು ಸುಳ್ಳು. ಈಕಿ ನಮ್ಮಕ್ಕ. ನಮ್ಮ ಕೇರಿಯಾಕಿ. ನಾ ಭೀ ಅದೇ ಕೇರಿಯಂವ. ಒಂಬತ್ತು ವರ್ಷ ನೀವೆಲ್ಲಾರೂ ಹಿಡದಿದ್ದು ಇದೇ ಕೈ.” ಎತ್ತಿ ತೋರಿಸಿದೆ.

ದೊಡ್ಡ ದಲಾಲನ ಮುಖ ಕೆಂಪೇರಿತು. ಹೊರಸಿನ ಮೇಲಿದ್ದ ಚಾಚಾನ ಕಡೆ ತಿರುಗಿದ. “ಚಾಚಾ! ಇಂವ ನಿಮ್ಮಣ್ಣನ ಮಗ ಅಂದಿದ್ರಲ್ಲ?”

ಚಾಚಾ ಹುಕ್ಕಾದ ನಳಿಗೆಯನ್ನು ಬಾಯಿಂದ ತೆಗೆದರು. “ನಾ ಯಾವಾಗ ಅಂದೀನಿ? ಭತೀಜಾ ಅಂದೀನಿ. ನಿನಗ ಭೀ ದಿನಾ ಬೇಟಾ ಅಂತೀನಿ. ನೀ ಏನ್ ನನ್ನ ಜಾಯದಾದ್ನಾಗ, ಹೊಲಮನ್ಯಾಗ ಹಿಸ್ಸಾ ಕೇಳಾಂವ ಇದ್ದೇನು?”

ಮತ್ತೆ ನಗು. ನಗು ಬಹಳ ಕೆಲಸ ಮಾಡುತ್ತದೆ, ನೆನಪಿಡಿ. ಗುಂಪು ನಕ್ಕರೆ ಕೈ ಎತ್ತುವುದಿಲ್ಲ. ಆ ಸಂದಿಯಲ್ಲೇ ನಾನು ನನ್ನ ರುಮಾಲು ಕೊಡವಿ, ಅಕ್ಕನ ಮುಂದೆ ಕೈ ಚಾಚಿದೆ. “ಅಕ್ಕಾ, ಮಾಲಕಳು ನೀ. ಎಷ್ಟ ಬೇಕು, ಕೈಯಾಗ ಹೇಳು.” ಅವಳಿಗೆ ಬೆರಳಿನ ಭಾಷೆ ಗೊತ್ತಿಲ್ಲ, ನಾನೇ ಮೆಲ್ಲಗೆ ಕಲಿಸಬೇಕು ಎಂದುಕೊಂಡಿದ್ದೆ. ಅವಳು ನನ್ನ ಹಸ್ತವನ್ನು ಪೂರ್ತಿ ಹಿಡಿದು ಮೂರು ಸಲ ಒತ್ತಿದಳು. ಆಮೇಲೆ ಒಂದು ಬೆರಳಿನ ನಡುಗಂಟನ್ನಷ್ಟೇ ಮುಟ್ಟಿದಳು. ಹದಿನೈದೂವರೆ! ಮೇಲಿನ ಅರ್ಧ ಚೌಕಾಸಿಗೆ ಬಿಟ್ಟುಕೊಡುವುದಕ್ಕೆ!

“ಇದು ಯಾರ್ ಕಲ್ಸಿದ್ರು ನಿನಗ?” ಎಂದೆ. ನನಗೆ ನಂಬಲಾಗಲಿಲ್ಲ.

“ದೂರ ನಿಂತು ಇಷ್ಟು ವರ್ಷ ಏನ್ ಮಾಡೀವಿ ಅಂತೀ? ಕೈ ರುಮಾಲಿನಾಗ ಇದ್ರ ಏನಾತು, ಮೊಳಕೈ ಹೊರಗೇ ಇರ್ತಾವಲ್ಲ. ಹಸ್ತ ಒತ್ತಿದ್ರ ಮೊಳಕೈ ಎದ್ದು ಕೂಡ್ತದ. ಗಂಟು ಮುಟ್ಟಿದ್ರ ಸುಮ್ನ ನಡಗ್ತದ. ನಮ್ಮ ಕೇರ್ಯಾಗಿನ ಹೆಣ್ಮಕ್ಕಳಿಗಿ ಎಲ್ಲಾರಿಗೂ ಗೊತ್ತದ.”

ದಲಾಲರೆಲ್ಲ ತಮ್ಮ ತಮ್ಮ ಮೊಣಕೈ ನೋಡಿಕೊಂಡರು. ನಾನು ಕುಣಿಯುವುದೊಂದು ಬಾಕಿ. ಸಂತೆಯ ದೊಡ್ಡ ಗುಟ್ಟು ಎಂದು ನಾವು ಕಾಯ್ದುಕೊಂಡು ಬಂದದ್ದನ್ನು, ಮುಟ್ಟಬಾರದವರೆಂದು ದೂರ ನಿಲ್ಲಿಸಿದ ಹೆಂಗಸರೇ ಬುತ್ತಿ ಗಂಟು ಹಿಡಿದು ನಿಂತು ಓದಿಬಿಟ್ಟಿದ್ದರು!

ಆದರೆ ಗಿರಾಕಿ ಬೇಕಲ್ಲ. ಕೊಳ್ಳುವ ಕೈ ಬರದಿದ್ದರೆ ರುಮಾಲು ಬರೀ ಬಟ್ಟೆ. ಯಾರೂ ಮುಂದೆ ಬರಲಿಲ್ಲ. ನಾನು ಬೇಮಳಖೇಡದ ಗೌಡರ ಕಾಲು ನೋಡಿದೆ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಹತ್ತಿರ ಹೋಗಿ, ಅವರಿಗಷ್ಟೇ ಕೇಳುವಂತೆ ಹೇಳಿದೆ, “ಗೌಡ್ರ, ನಿಮ್ಮ ಬೀಗರು ಅಲ್ಲಿ ಲಾರಿ ಹಂತ್ಯಾಕ ನಿಂತಾರ. ಅವ್ರೂ ಜೋಡಿ ಹುಡಕಾಕತ್ತಾರ. ಹನ್ನೊಂದಕ್ಕ ಅಕ್ಕ ಕೊಡಂಗಿಲ್ಲ, ದಲಾಲರ ಕಟ್ಟುಪಾಡು ಬೀಗರಿಗಿ ಹತ್ತಂಗಿಲ್ಲ. ಬಾಯಿ ಸೌದಾ ಮಾಡಿದ್ರ ನೀವು ಎಷ್ಟರ ತನ ಏರ್ತೀರಿ ಅಂತ ಅವ್ರಿಗಿ ಕುಂತಲ್ಲೇ ಗೊತ್ತಾಗ್ತದ. ಆಮ್ಯಾಲ ನನ್ನ ಮ್ಯಾಲ ಮಾತು ಬ್ಯಾಡ.”

ಗೌಡರು ಬೀಗರನ್ನು ನೋಡಿದರು, ಹೋರಿಗಳನ್ನು ನೋಡಿದರು, ನನ್ನನ್ನು ನೋಡಿದರು. “ಭಾರೀ ಬೆರಕಿ ಇದ್ದೀಯೋ ಮಗನ” ಎಂದರು. ತೋಳಿನ ಗುಂಡಿ ಬಿಚ್ಚಿ ಮೇಲೇರಿಸುತ್ತ ನನ್ನ ಕೈಗೆ ಕೈ ಚಾಚಿದರು. ನಾನು ನನ್ನ ಕೈ ಹಿಂದಕ್ಕೆ ತೆಗೆದುಕೊಂಡೆ.

“ನನಗಲ್ರಿ. ಮಾಲಕಳ ಕೈ ಹಿಡೀರಿ.”

ದೊಡ್ಡ ದಲಾಲ ನಡುವೆ ಬಂದ. “ಗೌಡ್ರ, ರೀತಿ ಬಿಡಬ್ಯಾಡ್ರಿ. ಕೇರಿ ಅದ, ಮ್ಯಾಲ ಹೆಂಗಸು.”

ಗೌಡರಿಗೆ ಹೋರಿಗಳ ಆಸೆ ಇತ್ತು ಎಂದು ಆಗಲೇ ಹೇಳಿದೆ. ಇನ್ನೊಂದೂ ಇತ್ತು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. “ಪ್ರತಿ ವರ್ಷ ಕಲ್ಯಾಣಕ್ಕ ಹೋಗಿ, ವಚನದಾಗ ಮೇಲು-ಕೀಳು ಇಲ್ಲ ಅಂತ ಕೇಳಿ ತಲಿ ಹಾಕಿ ಬರ್ತೀನೋ ಮಾರಾಯಾ” ಎಂದರು ಆ ದಲಾಲನಿಗೆ. “ಈ ವಿಭೂತಿ ಏನ್ ಧೂಳು ಬಡದದ್ದಂತ ತಿಳದಿ?” ಅಕ್ಕನ ಕಡೆ ತಿರುಗಿ, “ತರ್ರಿ ಅಕ್ಕಾರ, ಕೈ” ಎಂದರು.

ಎರಡು ಕೈಗಳ ಮೇಲೆ ನಾನು ರುಮಾಲು ಹೊದಿಸಿದೆ. ಮೊದಲ ಬಾರಿಗೆ ನಾನು ಹೊರಗೆ ನಿಂತು ಮೊಣಕೈ ನೋಡುವವನಾದೆ. ಗೌಡರ ಮೊಣಕೈ ಎದ್ದಿತು, ಬಿತ್ತು. ಅಕ್ಕನದು ಕಲ್ಲು. “ಮಿರಗ ಈ ಸಲ ಛಲೋ ಆಗ್ತದೇನ್ರಿ ಅಕ್ಕಾರ?” “ಆಗ್ತದ್ರಿ ಯಪ್ಪಾ, ರೋಹಿಣಿ ಮೋಡ ಏಳಾಕತ್ತಾವ.” ಮತ್ತೆ ಗೌಡರ ಮೊಣಕೈ ಎದ್ದಿತು. ಅಕ್ಕ ಕೈ ಬಿಡಿಸಿಕೊಳ್ಳಲು ನೋಡಿದಳು. ಗೌಡರು ಬಿಡಲಿಲ್ಲ. ಲಾರಿಯ ಹತ್ತಿರದಿಂದ ಬೀಗರು ಈ ಕಡೆ ಬರತೊಡಗಿದ್ದರು. ಆಗ ಅಕ್ಕನ ಮೊಣಕೈ ಒಂದೇ ಒಂದು ಸಲ, ಸಣ್ಣಗೆ ಅಲುಗಿತು, ಗೌಡರು ಜೋರಾಗಿ ನಕ್ಕು ರುಮಾಲು ಎಳೆದು ನನ್ನ ಮುಖದ ಮೇಲೆ ಎಸೆದರು. ಸೌದಾ ಮುಗಿದಿತ್ತು.

ನಾನು ಕೂಗಿದ ಕೂಗಿಗೆ ಪಕ್ಕದ ಎಮ್ಮೆ ಗೂಟ ಕಿತ್ತು ಓಡಿತು. ಅದನ್ನು ಹಿಡಿದು ತರಲು ಹೋದವನೂ ನಾನೇ.

ಆ ಶುಕ್ರವಾರವೇ ಹೊಲ ಅಕ್ಕನ ಹೆಸರಿಗೆ ಆಯಿತು. ನನಗೆ ಆದದ್ದನ್ನೂ ಹೇಳಿಬಿಡುತ್ತೇನೆ. ಎಷ್ಟೋ ವಾರ ಬಹಳ ಮಂದಿ ದಲಾಲರು ನನ್ನ ಕೈ ಹಿಡಿಯಲಿಲ್ಲ. ನಾನು ಹೋದರೆ ‘ಬಾಯಿ ಸೌದಾ’ ಎನ್ನುತ್ತಿದ್ದರು. ಮನೆಯ ಗೋಡೆ ಅರ್ಧದಲ್ಲೇ ಮಳೆ ತಿಂದಿತು. ನಾನು ಅಳುತ್ತ ಕೂಡಲಿಲ್ಲ. ಲಾತೂರು, ಜಹೀರಾಬಾದಿನ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಕಂಡು, ಒಳ್ಳೆಯ ಮಾಲು ಬೇಕಿದ್ದರೆ ಬೇವಿನ ಮರದ ಕೆಳಗೆ ಬನ್ನಿ, ಅಲ್ಲಿ ಮಾಲೀಕರದೇ ಕೈ, ನಡುವೆ ದಲಾಲರ ಕಟ್ಟುಪಾಡಿಲ್ಲ ಎಂದೆ. ಹೊರಗಿನವರಿಗೆ ಯಾವ ಕೇರಿಯ ಚಿಂತೆ? ಮರದ ಕೆಳಗೆ ನಮ್ಮವರು, ಬುದ್ಧನವರು, ತಾಂಡಾದವರು ಕೂಡತೊಡಗಿದರು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷಕ್ಕೆ, ಜಹೀರಾಬಾದಿನ ಗಿರಾಕಿಗಾಗಿ ದೊಡ್ಡ ದಲಾಲನೇ ನನ್ನ ಹತ್ತಿರ ಬಂದ. ಕೈಗೆ ಧೋತರದ ಚುಂಗು ಸುತ್ತಿಕೊಂಡು ಚಾಚಿದ. ನಾನು ನನ್ನ ಕೈ ಬೆನ್ನ ಹಿಂದೆ ಇಟ್ಟುಕೊಂಡು ಹವೆಯ ಮಾತು ತೆಗೆದೆ. ಮಳೆಯ ಮಾತು ಮುಗಿದು, ತೊಗರಿಯ ಮಾತು ಮುಗಿದು, ಅವನ ಮೊಮ್ಮಗಳ ಕೆಮ್ಮಿನ ಮಾತಿಗೆ ಬರುವ ಹೊತ್ತಿಗೆ ಅವನು ಚುಂಗು ಬಿಚ್ಚಿದ. ಬರಿಗೈ ಬೆಚ್ಚಗಿತ್ತು, ನಮ್ಮೆಲ್ಲರ ಕೈಯಂತೆಯೇ.

ಕರುಣೆ ಇದ್ದವರಿಗೆ ನನ್ನದೊಂದು ಸಲಹೆ. ಮನಸ್ಸು ಮರುಗಿದರೆ ಒಳ್ಳೆಯದು. ಆದರೆ ಹಿಂದಿನಿಂದ ಗುಟ್ಟಾಗಿ ಕೆಲಸ ಮಾಡಿಕೊಟ್ಟು ಮನೆಗೆ ಹೋಗಬೇಡಿ. ಯಾವ ಜಾಗದಲ್ಲಿ ಒಬ್ಬರನ್ನು ದೂರ ನಿಲ್ಲಿಸಿದ್ದಾರೋ ಅದೇ ಜಾಗದಲ್ಲಿ, ಅದೇ ಜನರೆದುರು ಪಕ್ಕಕ್ಕೆ ಹೋಗಿ ನಿಲ್ಲಿ. ನಿಂತ ಮೇಲೆ ಎದುರಿನವನಿಗೂ ಏನು ಬೇಕಾಗಿದೆ ಎಂದು ಕಣ್ಣಿಟ್ಟು ನೋಡಿ. ಟೀಚರಮ್ಮ ಇದನ್ನು ಸಭೆಯಲ್ಲಿ ಸಾಕ್ಷಿಯಾಗಿ ಹೇಳು ಎಂದಿದ್ದರು. ನಾನು ಎದ್ದು ಎತ್ತಿನ ಹಲ್ಲಿನಿಂದ ಶುರುಮಾಡಿದೆ. ಗಂಟೆ ಹೊಡೆದು ಕೂರಿಸಿದರು.

ನನಗೆ ಉಳಿದ ಕೊರಗು ಒಂದೇ. ರುಮಾಲಿನಡಿ ಕೊನೆಗೆ ಎಷ್ಟಕ್ಕೆ ಮುಗಿಯಿತು ಎಂದು ನನಗೆ ತಿಳಿಯಲೇ ಇಲ್ಲ. ಹೊಲ ಬಂದದ್ದರಿಂದ ಹದಿನೈದಕ್ಕೆ ಕಡಿಮೆಯಲ್ಲ, ಅಷ್ಟು ಗೊತ್ತು. ಹದಿನೈದೇ? ಕಾಲು ಮೇಲೆಯೇ? ಅರ್ಧವೂ ಗಿಟ್ಟಿತೇ? ಅಂದು ಸಂಜೆ ಅಕ್ಕನನ್ನು ಬಿಟ್ಟುಬರಲು ಹೋದಾಗ ಹುಮನಾಬಾದಿನ ಬಸ್ಸಿನಲ್ಲಿ ಕೇಳಿದೆ, ಹೇಳಲಿಲ್ಲ. ಗೌಡರನ್ನು ಕೇಳಿದೆ, ಮೀಸೆ ತಿರುವಿದರು. ಎಷ್ಟೋ ವರ್ಷಗಳ ನಂತರ, ಅವಳ ಹೊಲದಲ್ಲಿ ತೊಗರಿ ಕೊಯ್ಯುವ ದಿನ ಹೋಗಿ ಬದುವಿನ ಮೇಲೆ ಕುಳಿತು ಮತ್ತೆ ಕೇಳಿದೆ. ಅವಳು ಕುಡುಗೋಲು ನಿಲ್ಲಿಸಲೂ ಇಲ್ಲ.

“ಅಕ್ಕಾ, ಈಗರೆ ಹೇಳು. ದಲಾಲಿ ಭೀ ತಗೊಂಡಿಲ್ಲ ನಾ.”

“ನಿನಗ್ಯಾಕೋ ಅದು? ನೀ ಏನ್ ಖರೀದಿ ಮಾಡಾಂವ ಇದ್ದೆ?” ಎಂದಳು ಅಕ್ಕ. “ಇಡೀ ಸಂತಿಗಿ ಕೇಳಂಗ ನನ್ನ ಮಾಲಿನ ಬೆಲಿ ಕೂಗ್ತಿದ್ರು. ಒಂದೇ ಸಲ ಯಾರಿಗೂ ಗೊತ್ತಾಗಲಾರದಂಗ ಮಾರೀನಿ. ಅದು ನನ್ನ ಕೈಯಾಗೇ ಇರ್ಲಿ.”